ಮಂಡಗದ್ದೆ ಹತ್ತಿರ ನಾಯಿಯೊಂದು ಸಿಕ್ಕಿದೆ, ಅದರ ಮನೆ ಪತ್ತೆ ಮಾಡುವುದು ಹೇಗೆ?

ತೋಟದಂಚು
ಮಂಡಗದ್ದೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಹಿಂದೆ ಅಡಿಕೆ ತೋಟ, ತೋಟ ದಾಟಿದರೆ ತುಂಗಾ ಹೊಳೆ. ದೀಪಾವಳಿ ಮುಗಿದ ಮಾರನೇ ಬೆಳಿಗ್ಗೆಯಿಂದ ಒಂದು ನಾಯಿ ನಮ್ಮ ಕೊಟ್ಟಿಗೆ ಸೇರಿಕೊಂಡಿದೆ. ಗಂಡು, ಕೆಂಚು ಬಣ್ಣ, ಉದ್ದ ಕಾಲು. ಕೊರಳಲ್ಲಿ ಹಳೆಯ ಚರ್ಮದ ಪಟ್ಟಿ ಇದೆ, ಅದರಲ್ಲಿ ಹೆಸರಿಲ್ಲ, ನಂಬರ್ ಇಲ್ಲ. ಅನ್ನ ಹಾಕಿದರೆ ನಾವು ದೂರ ಹೋದ ಮೇಲೆ ತಿನ್ನುತ್ತದೆ. ಯಾರೋ ಪ್ರೀತಿಯಿಂದ ಸಾಕಿದ ನಾಯಿ ಅಂತ ನೋಡಿದರೇ ಗೊತ್ತಾಗುತ್ತದೆ, ಜಗಲಿ ಹತ್ತುವುದಿಲ್ಲ, ದನಕ್ಕೆ ಬೊಗಳುವುದಿಲ್ಲ, ಕೋಳಿ ಪಕ್ಕದಲ್ಲೇ ಓಡಾಡಿದರೂ ತಲೆ ಎತ್ತುವುದಿಲ್ಲ. ಅಕ್ಕಪಕ್ಕದ ಮನೆಗಳಲ್ಲಿ ಕೇಳಿ ಆಯಿತು, ಯಾರಿಗೂ ಗೊತ್ತಿಲ್ಲ. ವಾಟ್ಸಾಪ್ ಗ್ರೂಪಿನಲ್ಲೂ ಸುದ್ದಿ ಸಿಗಲಿಲ್ಲ. ಇದರ ಮನೆಯವರು ಎಲ್ಲೋ ಹುಡುಕುತ್ತಾ ಇರುತ್ತಾರೆ ಅಂತ ನೆನೆದರೆ ಸಂಕಟ ಆಗುತ್ತದೆ. ಅನುಭವ ಇರುವವರು ದಾರಿ ಹೇಳಿ.

ದುರ್ಗಿಗುಡಿ
ಶಿವಮೊಗ್ಗಕ್ಕೆ ತಂದು ಯಾವುದಾದರೂ ಪ್ರಾಣಿ ಆಶ್ರಯಕ್ಕೆ ಬಿಡುವುದು ಒಳ್ಳೆಯದು ಅನ್ನಿಸುತ್ತದೆ. ನಿಮ್ಮ ಕಡೆ ಚಿರತೆ ಓಡಾಟ ಇದೆ, ರಾತ್ರಿ ಕೊಟ್ಟಿಗೆಯಲ್ಲಿ ಮಲಗಿದ ನಾಯಿ ಬೆಳಿಗ್ಗೆ ಇರುತ್ತದೆ ಅಂತ ಖಾತ್ರಿ ಇಲ್ಲ. ಇಲ್ಲಿಗೆ ತಂದರೆ ಊಟ, ಔಷಧಿ, ಲಸಿಕೆ ಎಲ್ಲ ಆಗುತ್ತದೆ. ಯಾರಾದರೂ ಒಳ್ಳೆಯವರು ಸಾಕಿಕೊಳ್ಳಲೂಬಹುದು.

ಕಾನುಮನೆ
ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಕಾಳಜಿ ಅರ್ಥ ಆಗುತ್ತದೆ. ಆದರೆ ಮಂಡಗದ್ದೆಯಲ್ಲಿ ಕಳೆದ ನಾಯಿಯನ್ನು ಅದರ ಯಜಮಾನರು ಮಂಡಗದ್ದೆ ಸುತ್ತಮುತ್ತ ಹುಡುಕುತ್ತಾರೆ, ಶಿವಮೊಗ್ಗದಲ್ಲಿ ಅಲ್ಲ. ಅದನ್ನು ಮೂವತ್ತು ಕಿಲೋಮೀಟರ್ ಆಚೆ ಒಯ್ದರೆ ಅವರು ಹುಡುಕಿ ಹುಡುಕಿ ಚಿರತೆಯೇ ಹಿಡಿದಿರಬೇಕು ಅಂದುಕೊಂಡು ಸುಮ್ಮನಾಗುತ್ತಾರೆ, ನಾಯಿ ಬದುಕಿದ್ದರೂ ಅವರ ಪಾಲಿಗೆ ಸತ್ತ ಹಾಗೆ. ಸಿಕ್ಕ ಜಾಗದಿಂದ ದೂರ ಒಯ್ದರೆ ನಾಯಿ ಎರಡನೇ ಸಲ ಕಳೆಯುತ್ತದೆ.

ಚಿರತೆ ಭಯ ನಿಜ. ಅದಕ್ಕೆ ಉಪಾಯ ಇದೆ. ಕತ್ತಲಾಗುವ ಮೊದಲು ಬಾಗಿಲು ಇರುವ ಜಾಗದಲ್ಲಿ ಕೂಡಿ ಹಾಕಿ. ಸೌದೆ ಮನೆ ಆದರೂ ಆಗುತ್ತದೆ. ಹೊರಗೆ ಹಗ್ಗದಲ್ಲಿ ಕಟ್ಟಿ ಮಾತ್ರ ಬಿಡಬೇಡಿ, ಬಿಟ್ಟ ನಾಯಿ ಓಡಿಯಾದರೂ ಉಳಿಯುತ್ತದೆ, ಕಟ್ಟಿದ ನಾಯಿಗೆ ಆ ದಾರಿಯೂ ಇಲ್ಲ.

ಪಶುವೈದ್ಯ ವಿದ್ಯಾರ್ಥಿನಿ
ಮೊದಲು ಮೈ ನೋಡಿ. ದೂರದಿಂದಲೇ, ಅವಸರ ಮಾಡದೆ. ಪಾದದ ಅಡಿ ಸವೆದು ಗಾಯ ಆಗಿದೆಯಾ? ಆಗಿದ್ದರೆ ಜಾಸ್ತಿ ನಡೆದು ಬಂದಿದೆ, ಅಥವಾ ಡಾಂಬರಿನ ಮೇಲೆ ಓಡಿದೆ. ಪಾದ ಚೆನ್ನಾಗಿದ್ದರೆ ಮನೆ ಹತ್ತಿರ ಇರಬಹುದು, ಇಲ್ಲವೇ ವಾಹನದಲ್ಲಿ ಬಂದಿರಬಹುದು. ಪಕ್ಕೆಲುಬು ಎದ್ದು ಕಾಣುತ್ತಿದ್ದರೆ ಕಳೆದು ತುಂಬಾ ದಿನ ಆಗಿದೆ. ಕಿವಿ ತುದಿ ಸ್ವಲ್ಪ ಕತ್ತರಿಸಿದ ಹಾಗೆ ಇದ್ದರೆ ಅದು ಸಂತಾನಹರಣ ಆಗಿರುವ ಗುರುತು. ಅಂಥದ್ದು ಸಾಮಾನ್ಯವಾಗಿ ಬೀದಿ ನಾಯಿ.

ಮೈಕ್ರೋಚಿಪ್ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ. ಅದು ಅಕ್ಕಿಕಾಳಿನಷ್ಟು ಇರುತ್ತದೆ, ಭುಜದ ಎಲುಬುಗಳ ನಡುವೆ ಚರ್ಮದ ಕೆಳಗೆ ಹಾಕುತ್ತಾರೆ. ಒಳಗೆ ಬ್ಯಾಟರಿ ಇಲ್ಲ. ರೀಡರ್ ಹಿಡಿದರೆ 15 ಅಂಕಿಯ ಒಂದು ನಂಬರ್ ತೋರಿಸುತ್ತದೆ, ಆ ನಂಬರ್ ಯಾವ ಪಟ್ಟಿಯಲ್ಲಿ ದಾಖಲಾಗಿದೆಯೋ ಅಲ್ಲಿ ಹುಡುಕಬೇಕು. ನಾಯಿ ಎಲ್ಲಿದೆ ಅಂತ ಚಿಪ್ ಹೇಳುವುದಿಲ್ಲ, ತುಂಬಾ ಜನ ಹಾಗೆ ತಿಳಿದಿದ್ದಾರೆ. ಹಳ್ಳಿ ನಾಯಿಗೆ ಚಿಪ್ ಇರುವ ಸಾಧ್ಯತೆ ಕಡಿಮೆ, ಆದರೂ ಹತ್ತಿರದ ಪಶು ಆಸ್ಪತ್ರೆಗೆ ಫೋನ್ ಮಾಡಿ ರೀಡರ್ ಇದೆಯಾ ಎಂದು ಕೇಳಿ ನೋಡಿ.

ಇನ್ನೊಂದು ಮಾತು, ಇದು ಬಹಳ ಮುಖ್ಯ. ಅದು ಎಷ್ಟೇ ಸಾಧು ಆಗಿರಲಿ, ನಿಮಗೆ ಗೊತ್ತಿಲ್ಲದ ನಾಯಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ, ತಡ ಮಾಡದೆ ಆರೋಗ್ಯ ಕೇಂದ್ರಕ್ಕೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ. ಅರಿಶಿನ, ಸುಣ್ಣ ಹಚ್ಚಿ ಕೂರಬೇಡಿ.

ತೋಟದಂಚು
ಪಾದ ಚೆನ್ನಾಗಿದೆ. ಮೈ ತುಂಬಿಕೊಂಡಿದೆ. ಕಿವಿ ಎರಡೂ ಸರಿ ಇವೆ. ಈಗ ರಾತ್ರಿ ಸೌದೆ ಮನೆಯಲ್ಲಿ ಮಲಗಿಸುತ್ತಾ ಇದ್ದೇವೆ, ಒಳ್ಳೆಯ ಮಾತಿನಲ್ಲಿ ಕರೆದರೆ ಹೋಗುತ್ತದೆ.

ಬ್ಯಾಣದ ದಾರಿ
ನಾಯಿಗೆ ದಿಕ್ಕು ಗೊತ್ತಿರುತ್ತದೆ, ಬಿಟ್ಟುಬಿಡಿ, ತಾನೇ ಮನೆ ಸೇರುತ್ತದೆ. ನಮ್ಮ ಹಿರಿಯರು ಯಾವ ಪೋಸ್ಟರ್ ಅಂಟಿಸಿದ್ದರು? ಊರ ದೇವತೆ ಚೌಡಿಗೆ ಒಂದು ಕಾಯಿ ಹೇಳಿಕೊಂಡು ಕಾಯುತ್ತಿದ್ದರು. ಬರುತ್ತಿತ್ತು.

ಸಾಗರದವಳು
ಚೌಡಿಗೆ ನಾನೂ ಕಾಯಿ ಹೇಳಿಕೊಳ್ಳುತ್ತೇನೆ. ಆದರೆ ನಾಯಿಗೆ ದಿಕ್ಕು ಗೊತ್ತು ಅನ್ನುವುದರಲ್ಲಿ ಎಷ್ಟು ನಿಜ ಇದೆ ಅಂತ ಬಿಡಿಸಿ ನೋಡಬೇಕು. ಚೆಕ್ ಗಣರಾಜ್ಯದ ಸಂಶೋಧಕರು 27 ಬೇಟೆ ನಾಯಿಗಳ ಕೊರಳಿಗೆ ಜಿಪಿಎಸ್ ಕಟ್ಟಿ 600ಕ್ಕೂ ಹೆಚ್ಚು ಸಲ ಕಾಡಿಗೆ ಬಿಟ್ಟು ನೋಡಿದರು. 2020ರಲ್ಲಿ ಅದು ಪ್ರಕಟವಾಯಿತು. ಹೆಚ್ಚಿನ ಸಲ ನಾಯಿಗಳು ತಾವು ಹೋದ ದಾರಿಯ ವಾಸನೆ ಹಿಡಿದೇ ವಾಪಸ್ ಬಂದವು. ಉಳಿದ ಎಷ್ಟೋ ಸಲ ಹೊಸ ದಾರಿಯಲ್ಲಿ ಬಂದವು, ಹಾಗೆ ಬರುವಾಗ ಮೊದಲು ಉತ್ತರ ದಕ್ಷಿಣವಾಗಿ ಸುಮಾರು 20 ಮೀಟರ್ ಓಡಿ ಆಮೇಲೆ ಯಜಮಾನರ ಕಡೆ ತಿರುಗುತ್ತಿದ್ದವು. ಭೂಮಿಯ ಕಾಂತಶಕ್ತಿ ಅವುಗಳಿಗೆ ದಿಕ್ಕು ತೋರಿಸುತ್ತಿರಬಹುದು ಎಂದು ಅವರ ಊಹೆ. ಓದಿದಾಗ ಮೈ ಜುಂ ಅಂದಿತ್ತು ನನಗೆ.

ಹಾಗಂತ ಸುಮ್ನೆ ಬಿಟ್ಟುಬಿಡಿ ಅನ್ನುವುದು ತಪ್ಪು. ಅವು ತಾವಾಗಿ ನಡೆದು ಹೋದ ನಾಯಿಗಳು, ಹೆದರಿದವಲ್ಲ. ಪಟಾಕಿಗೆ ಬೆದರಿ ಓಡಿದ ನಾಯಿ ಎತ್ತ ಓಡುತ್ತಾ ಇದ್ದೇನೆ ಅಂತ ನೋಡುವುದಿಲ್ಲ. ವಾಹನದಲ್ಲಿ ಬಂದು ಇಳಿದಿದ್ದರೆ ನೆಲದ ಮೇಲೆ ವಾಸನೆಯ ದಾರಿಯೇ ಇಲ್ಲ. ನಡುವೆ ಹೆದ್ದಾರಿ ಬೇರೆ, ಶಿವಮೊಗ್ಗ ತೀರ್ಥಹಳ್ಳಿ ಬಸ್ಸುಗಳು ಆ ತಿರುವುಗಳಲ್ಲಿ ಹೋಗುವ ವೇಗ ನಿಮಗೂ ಗೊತ್ತಲ್ವಾ.

ಘಾಟಿ ಕೆಳಗೆ
ಇದು ಕಳೆದ ನಾಯಿಯೋ ಬಿಟ್ಟು ಹೋದ ನಾಯಿಯೋ, ಮೊದಲು ಅದನ್ನು ನೋಡಿ. ಬೇಸರದಿಂದ ಹೇಳುತ್ತಿದ್ದೇನೆ. ಆಗುಂಬೆ ಕಡೆ, ಹುಲಿಕಲ್ ಕಡೆ ಕಾರಿನಲ್ಲಿ ಬಂದು ನಾಯಿ ಇಳಿಸಿ ಹೋಗುವವರು ಇದ್ದಾರೆ. ಮುದಿ ಆಗಿದ್ದು, ಕಾಯಿಲೆ ಬಿದ್ದದ್ದು, ಮರಿ ಹಾಕಿದ ಹೆಣ್ಣು. ಇಳಿಸಿದ ಜಾಗ ಬಿಟ್ಟು ಅದು ಕದಲುವುದಿಲ್ಲ. ಬಂದ ಪ್ರತಿ ಕಾರಿನ ಹತ್ತಿರ ಓಡಿ ಹೋಗಿ ಕಿಟಕಿ ನೋಡುತ್ತದೆ, ಮಳೆ ಬಂದರೂ ಹೋಗುವುದಿಲ್ಲ, ನಾವು ಅನ್ನ ಕೊಟ್ಟರೂ ಅರ್ಧ ತಿಂದು ಮತ್ತೆ ರಸ್ತೆ ಅಂಚಿಗೆ ಓಡುತ್ತದೆ. ಅದನ್ನು ನೋಡಿದ ಮೇಲೆ ಊಟ ಸೇರುವುದಿಲ್ಲ. ಸಾಕಿದ ಪ್ರಾಣಿಯನ್ನು ಹೀಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ. ಗಾಡಿ ನಂಬರ್ ಕಂಡರೆ ಬರೆದುಕೊಂಡು ಪೊಲೀಸರಿಗೆ ಕೊಡಿ, ಸುಮ್ಮನಿರಬೇಡಿ.

ತೋಟದಂಚು
ಓದಿ ಕಣ್ಣು ತುಂಬಿತು. ಇದು ರಸ್ತೆ ಕಡೆ ಹೋಗುವುದೇ ಇಲ್ಲ, ಗಾಡಿಗಳನ್ನು ನೋಡುವುದೂ ಇಲ್ಲ.

ಹಿನ್ನೀರು
ಹಾಗಾದರೆ ಎತ್ತ ಹೋಗುತ್ತದೆ? ಹಗಲು ಬಿಟ್ಟಾಗ ಎಲ್ಲಿ ಕೂರುತ್ತದೆ, ಯಾವ ಕಡೆ ಮುಖ ಮಾಡಿ ಕೂರುತ್ತದೆ? ಸಂಜೆ ಹೊತ್ತು ನೋಡಿ, ನಾಯಿಗೆ ಮನೆ ನೆನಪಾಗುವ ಹೊತ್ತು ಅದು. ನಾವು ನಾಯಿ ಸುತ್ತ ನೂರು ಮಾತಾಡುತ್ತಾ ಇದ್ದೇವೆ, ಅದು ಏನು ಹೇಳುತ್ತಾ ಇದೆ ಅಂತ ಯಾರೂ ನೋಡುತ್ತಿಲ್ಲ.

ನಮ್ಮ ತುಮರಿ ಕಡೆ ಹಿಂದೆ ಒಂದು ಅನುಕೂಲ ಇತ್ತು. ಶರಾವತಿ ಹಿನ್ನೀರು ದಾಟಲು ಲಾಂಚ್ ಒಂದೇ ದಾರಿ. ಯಾರದೋ ಹಿಂದೆ ನಾಯಿ ಲಾಂಚ್ ಹತ್ತಿ ಆಚೆ ದಡ ಸೇರಿದರೆ ಲಾಂಚಿನವರಿಗೆ ಗೊತ್ತಾಗುತ್ತಿತ್ತು, ಮುಂದಿನ ಸಲ ಹತ್ತಿಸಿ ಕಳಿಸುತ್ತಿದ್ದರು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಯಿತು, ನಮಗೆಲ್ಲ ಅದರಿಂದ ಎಷ್ಟು ಉಪಕಾರ ಆಗಿದೆ ಅಂತ ಹೇಳಿ ಮುಗಿಯುವುದಿಲ್ಲ. ಆದರೆ ಗಾಡಿ ಹಿಂದೆ ಓಡಿದ ನಾಯಿ ಈಗ ಆ ಎರಡೂಕಾಲು ಕಿಲೋಮೀಟರಿಗೂ ಜಾಸ್ತಿ ಉದ್ದದ ಸೇತುವೆ ದಾಟಿದರೆ ಗಮನಿಸುವವರು ಇಲ್ಲ.

ಕಾನುಮನೆ
ಸುದ್ದಿ ಹರಡುವುದರ ಬಗ್ಗೆ ಹೇಳುತ್ತೇನೆ. ಫೋನಿನ ಗ್ರೂಪ್ ಇರಲಿ, ಆದರೆ ಒಂಟಿ ಮನೆಗಳ ಊರಲ್ಲಿ ಅದು ಸಾಲದು. ಎಷ್ಟೋ ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಮಹಡಿ ಹತ್ತಿ ನಿಂತರೆ ಒಂದು ಕಡ್ಡಿ. ನಮ್ಮಲ್ಲಿ ಮನೆ ಮನೆಗೆ ಹೋಗುವವರು ಯಾರು ಅಂತ ಯೋಚನೆ ಮಾಡಿ. ಬೆಳಿಗ್ಗೆ ಹಾಲಿನ ಡೈರಿ, ಅಲ್ಲಿಗೆ ಸುತ್ತಲಿನವರೆಲ್ಲ ಕ್ಯಾನ್ ಹಿಡಿದು ಬರುತ್ತಾರೆ. ಅಂಚೆಯವರು. ಕರೆಂಟಿನ ಲೈನ್‌ಮನ್, ಅವರಿಗೆ ಯಾವ ಮನೆಯಲ್ಲಿ ಯಾವ ನಾಯಿ ಇದೆ ಅಂತ ಬಾಯಿಪಾಠ, ಗೊತ್ತಿಲ್ಲದಿದ್ದರೆ ಅವರ ಕಾಲಿಗೇ ಕಷ್ಟ. ಆಶಾ ಕಾರ್ಯಕರ್ತೆ. ಖಾಸಗಿ ಬಸ್ಸಿನ ಕಂಡಕ್ಟರ್, ಅವರು ಔಷಧಿ, ಪತ್ರ, ಹೂವು, ಸುದ್ದಿ ಎಲ್ಲ ತಲುಪಿಸುವವರು. ಶಾಲೆಯಲ್ಲಿ ಪ್ರಾರ್ಥನೆ ಹೊತ್ತಿಗೆ ಮೇಷ್ಟ್ರ ಹತ್ತಿರ ಒಂದು ಮಾತು ಹೇಳಿಸಿ, ಮಕ್ಕಳಿಗೆ ನಾಯಿಗಳ ವಿಷಯ ದೊಡ್ಡವರಿಗಿಂತ ಜಾಸ್ತಿ ಗೊತ್ತು.

ಮತ್ತೆ ಈಗ ಅಡಿಕೆ ಕೊನೆ ಕೊಯ್ಲು ಶುರು ಆಗುತ್ತಿದೆ. ಮರ ಹತ್ತಿ ಕೊನೆ ಇಳಿಸುವ ಕೊನೆಗಾರರು ಇವತ್ತು ಈ ತೋಟ, ನಾಳೆ ಆ ತೋಟ. ಮರದ ಮೇಲಿಂದ ಎಲ್ಲರ ಅಂಗಳವೂ ಕಾಣುತ್ತದೆ. ಅವರನ್ನು ಕೇಳಿ.

ಸಾಗರದವಳು
ಒಂದು ಎಚ್ಚರಿಕೆ. ಫೋಟೋ ಹಾಕುವಾಗ ಎಲ್ಲ ಗುರುತು ಹೇಳಬೇಡಿ. ಒಂದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ, ಹೊಟ್ಟೆ ಕೆಳಗಿನ ಮಚ್ಚೆ, ಹಳೆಯ ಗಾಯ, ಮುರಿದ ಹಲ್ಲು, ಹೀಗೆ ಫೋಟೋದಲ್ಲಿ ಕಾಣದ ಏನಾದರೂ. ನಮ್ಮದೇ ನಾಯಿ ಅಂತ ಬಂದವರು ಅದನ್ನು ಹೇಳಲಿ. ಹಳೆಯ ಫೋಟೋ ಇದ್ದರೆ ತೋರಿಸಲಿ. ಬೇಟೆಗೆ ಆಗುವ ಮೈಕಟ್ಟಿನ ನಾಯಿಗೆ, ಜಾತಿ ನಾಯಿಗೆ ಸುಳ್ಳು ಯಜಮಾನರು ಬರುತ್ತಾರೆ. ಎಲ್ಲಕ್ಕಿಂತ ಮುಖ್ಯ, ನಾಯಿಯ ಸಾಕ್ಷಿ ನೋಡಿ. ಮನೆಯವರನ್ನು ಕಂಡ ನಾಯಿ ಹೇಗಿರುತ್ತದೆ ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ದುರ್ಗಿಗುಡಿ
ಇಷ್ಟು ಓದಿದ ಮೇಲೆ ನನಗೂ ಅಲ್ಲೇ ಇಟ್ಟುಕೊಳ್ಳುವುದು ಸರಿ ಅನ್ನಿಸುತ್ತಿದೆ. ಹಾಗಿದ್ದರೂ ಒಂಟಿಯಾಗಿ ವಯಸ್ಸಾದವರು ಇರುವ ಮನೆಗೆ ಇಂಥ ನಾಯಿ ಬಂದರೆ ಅವರಿಗೆ ಇಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ, ಆಗ ಆಶ್ರಯ ಬೇಕೇ ಬೇಕು. ಅಂಥ ಹೊತ್ತಿನಲ್ಲಿ ನಾಯಿ ಸಿಕ್ಕ ಜಾಗ, ದಿನ, ಫೋಟೋ, ಸಾಗಿಸಿದವರ ಫೋನ್ ನಂಬರ್ ಇಷ್ಟನ್ನೂ ಸಿಕ್ಕ ಊರಿನ ಅಂಗಡಿ ಬಾಗಿಲಿಗೆ ಅಂಟಿಸಿ ಹೋಗಬೇಕು. ಹುಡುಕಿಕೊಂಡು ಬಂದವರಿಗೆ ನಾಯಿ ಎಲ್ಲಿಗೆ ಹೋಯಿತು ಎಂದಾದರೂ ಗೊತ್ತಾಗುತ್ತದೆ.

ತೋಟದಂಚು
ಹಿನ್ನೀರು ಅವರು ಕೇಳಿದ್ದು ನೋಡಿದೆ. ಸಂಜೆ ಅದು ತೋಟದ ಕೆಳಗಿನ ಅಂಚಿಗೆ ಹೋಗಿ ಹೊಳೆ ಕಡೆ ಮುಖ ಮಾಡಿ ಕೂರುತ್ತದೆ. ನೀರು ಕುಡಿಯಲು ಹೋಗುತ್ತಾ ಇದೆ ಎಂದುಕೊಂಡಿದ್ದೆವು. ಇಲ್ಲ, ನೀರಿಗೆ ಬಾಯಿ ಹಾಕುವುದಿಲ್ಲ. ಆಚೆ ದಡವನ್ನೇ ನೋಡುತ್ತದೆ, ನಡುವೆ ಮೂಗು ಮೇಲೆತ್ತಿ ಗಾಳಿ ಮೂಸುತ್ತದೆ.

ಹಿನ್ನೀರು
ಮನೆ ಆಚೆ ದಡದಲ್ಲಿದೆ. ನನಗಂತೂ ಅನುಮಾನ ಇಲ್ಲ. ಆಚೆಯ ಊರುಗಳಿಗೆ ಸುದ್ದಿ ಕಳಿಸಿ. ಹೊಳೆ ನೋಡಿದರೆ ಹತ್ತಿರ, ರಸ್ತೆಯಲ್ಲಿ ಹೋದರೆ ಎಷ್ಟೋ ದೂರ, ಅದಕ್ಕೇ ನಿಮ್ಮ ಗ್ರೂಪಿನಲ್ಲಿ ಅವರು ಯಾರೂ ಇಲ್ಲ.

ಪಶುವೈದ್ಯ ವಿದ್ಯಾರ್ಥಿನಿ
ಹೊಳೆ ಅಂಚಿಗೆ ಹೋದಾಗ ಉದ್ದ ಹಗ್ಗ ಇರಲಿ. ದಾಟಲು ನೀರಿಗೆ ಹಾರಿದರೆ ಕಷ್ಟ, ಮಳೆಗಾಲ ಈಗ ತಾನೇ ಮುಗಿದಿದೆ, ಸೆಳೆತ ಇರುತ್ತದೆ. ಕೊರಳ ಪಟ್ಟಿಗೆ ಮಾತ್ರ ಕಟ್ಟಬೇಡಿ, ಹೆದರಿದ ನಾಯಿ ತಲೆ ಹಿಂದಕ್ಕೆ ಎಳೆದು ಪಟ್ಟಿಯಿಂದ ನುಣುಚಿಕೊಳ್ಳುತ್ತದೆ. ಎದೆ ಸುತ್ತ ಬರುವ ಹಾಗೆ ಕಟ್ಟಿ.

ಗಾಜನೂರು ಗೇಟ್
ನಾಯಿ ಕಳೆದುಕೊಂಡವರ ಕಡೆಯಿಂದಲೂ ಯಾರಾದರೂ ಬರೆಯಿರಿ. ನಮ್ಮ ಪಕ್ಕದ ಮನೆಯವರ ನಾಯಿ ಹಬ್ಬದ ರಾತ್ರಿಯೇ ಹೋಗಿದೆ. ಒಂದು ಸಲ ಕಣ್ಣಿಗೆ ಬಿತ್ತು, ಹುಡುಗರೆಲ್ಲ ಸೇರಿ ಹೆಸರು ಕೂಗುತ್ತಾ ಓಡಿದರು, ಅದು ಇನ್ನೂ ಒಳಗೆ ಕಾಡಿಗೆ ಹೋಯಿತು. ಯಜಮಾನರ ದನಿಗೂ ನಿಲ್ಲಲಿಲ್ಲ ಅಂತ ಅವರಿಗೆ ತುಂಬಾ ದುಃಖ.

ಪಶುವೈದ್ಯ ವಿದ್ಯಾರ್ಥಿನಿ
ಅವರಿಗೆ ಧೈರ್ಯ ಹೇಳಿ. ನಾಯಿ ಅವರನ್ನು ಮರೆತಿಲ್ಲ. ವಿಪರೀತ ಹೆದರಿದ ಪ್ರಾಣಿಗೆ ಆ ಹೊತ್ತಿನಲ್ಲಿ ಎಲ್ಲರೂ ಬೆನ್ನಟ್ಟುವವರೇ, ಯಜಮಾನರೂ ಸೇರಿ. ಓಡಬೇಡಿ, ಗುಂಪು ಕಟ್ಟಿಕೊಂಡು ಹೋಗಬೇಡಿ, ಕೂಗಬೇಡಿ. ಅದಕ್ಕೆ ತುಂಬಾ ಹತ್ತಿರದ ಒಬ್ಬರೇ ಹೋಗಲಿ. ಕಂಡ ತಕ್ಷಣ ನೆಲದ ಮೇಲೆ ಕೂರಬೇಕು, ಪಕ್ಕಕ್ಕೆ ತಿರುಗಿ ಕೂರಬೇಕು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಒಣಮೀನು, ಮೊಟ್ಟೆ, ಹೀಗೆ ವಾಸನೆ ಬರುವ ಏನಾದರೂ ಸುತ್ತ ಹಾಕಿ ಸುಮ್ನೆ ಇರಿ. ತಾಸು ಹಿಡಿಯಬಹುದು. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಹಗ್ಗ ಕಟ್ಟಿ ಕರೆದೊಯ್ಯಿರಿ, ಎಷ್ಟೋ ಸಲ ಮನುಷ್ಯರಿಗೆ ಬರದ ನಾಯಿ ಜೊತೆಗಾರನನ್ನು ನೋಡಿ ಬರುತ್ತದೆ.

ಕೊನೆಯ ಸಲ ಕಂಡ ಜಾಗದಲ್ಲಿ ಅದು ಮಲಗುವ ಗೋಣಿಚೀಲ, ಯಜಮಾನರು ಹೊದ್ದ ಕಂಬಳಿ ಇಟ್ಟು ಬನ್ನಿ. ತೊಳೆದದ್ದು ಬೇಡ. ಬೆಳಗಿನ ಜಾವ ಹೋಗಿ ನೋಡಿ, ಜನ ಓಡಾಡದ ಹೊತ್ತಿನಲ್ಲೇ ಅಂಥ ನಾಯಿ ಹೊರಗೆ ಬರುವುದು. ಮನೆಯ ಉಣುಗೋಲು, ಅಂದರೆ ಬೇಲಿ ದಾರಿಗೆ ಅಡ್ಡ ಹಾಕುವ ಗಳ, ತೆಗೆದೇ ಇಡಿ.

ಬ್ಯಾಣದ ದಾರಿ
ಕಂಬಳಿ ವಿಷಯ ನಿಜ. ಹಿಂದೆ ಶಿಕಾರಿಗೆ ಹೋಗುತ್ತಿದ್ದವರು ನಾಯಿ ಬರದಿದ್ದರೆ ಕಂಬಳಿ ಅಲ್ಲೇ ಹಾಸಿಟ್ಟು ಬರುತ್ತಿದ್ದರು ಅಂತ ಅಜ್ಜ ಹೇಳುತ್ತಿದ್ದರು. ಬೆಳಿಗ್ಗೆ ಅದರ ಮೇಲೆ ನಾಯಿ ಮಲಗಿರುತ್ತಿತ್ತಂತೆ.

ಏಲಕ್ಕಿ ಗಲ್ಲಿ
ಬೆಕ್ಕಿನ ಬಗ್ಗೆಯೂ ಹೇಳಿ. ಬಾಡಿಗೆ ಮನೆ ಬದಲಿಸಿದೆವು, ಬಂದ ರಾತ್ರಿಯೇ ಕಿಟಕಿಯಿಂದ ಹೋಯಿತು.

ಸಾಗರದವಳು
ಬೆಕ್ಕು ದೂರ ಹೋಗುವುದಿಲ್ಲ, ಹತ್ತಿರವೇ ಅಡಗುತ್ತದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಿಕ್ಕ ಬೆಕ್ಕುಗಳಲ್ಲಿ ಶೇ. 75ರಷ್ಟು ಕಳೆದ ಜಾಗದಿಂದ 500 ಮೀಟರ್ ಒಳಗೇ ಸಿಕ್ಕಿದ್ದವು. ಆದ್ದರಿಂದ ದೂರದ ಬೀದಿಯಲ್ಲಿ ಪೋಸ್ಟರ್ ಅಂಟಿಸುವ ಮೊದಲು ಪಕ್ಕದ ಮನೆಗಳ ಅಟ್ಟ, ಸೌದೆ ರಾಶಿ, ಮೆಟ್ಟಿಲ ಕೆಳಗೆ, ನಿಂತ ಕಾರಿನ ಕೆಳಗೆ, ಬೀಗ ಹಾಕಿದ ಶೆಡ್ಡು ನೋಡಿ. ಕೇಳುವುದಲ್ಲ, ಒಪ್ಪಿಗೆ ತೆಗೆದುಕೊಂಡು ನೀವೇ ಬಗ್ಗಿ ನೋಡಬೇಕು. ರಾತ್ರಿ ಎಲ್ಲರೂ ಮಲಗಿದ ಮೇಲೆ ಟಾರ್ಚ್ ಹಿಡಿಯಿರಿ, ಕಣ್ಣು ಹೊಳೆಯುತ್ತದೆ. ನೀವು ಕರೆದರೂ ಅದು ಮಿಯಾವ್ ಅನ್ನದೆ ಇರಬಹುದು, ಹೆದರಿದ ಬೆಕ್ಕು ಉಸಿರು ಬಿಗಿಹಿಡಿದು ಕೂರುತ್ತದೆ. ಹಳೆಯ ಮನೆ ಹತ್ತಿರ ಇದ್ದರೆ ಅಲ್ಲಿಯೂ ಒಂದು ಮಾತು ಹೇಳಿಡಿ.

ತೋಟದಂಚು
ಮನೆ ಸಿಕ್ಕಿತು! ಆಚೆ ದಡವೇ! ಕೊನೆ ಕೊಯ್ಯಲು ಬಂದವರಿಗೆ ನಾಯಿ ತೋರಿಸಿದೆ. ಅವರಲ್ಲಿ ಒಬ್ಬರು ಬಾಲದ ತುದಿ ನೋಡಿ ಇದು ಹೊಳೆ ಆಚೆ ಒಬ್ಬರು ಅಜ್ಜಿ ಮನೆಯ ನಾಯಿ, ಹೋದ ವರ್ಷ ಅಲ್ಲಿ ಕೊಯ್ಲಿಗೆ ಹೋಗಿದ್ದೆ ಅಂದರು. ಅಜ್ಜಿಯ ಮೊಮ್ಮಗನಿಗೆ ಫೋನ್ ಮಾಡಿ, ಸಾಗರದವಳು ಅವರು ಹೇಳಿದ ಹಾಗೆ ಏನಾದರೂ ಗುರುತು ಹೇಳಿ ಅಂದೆ. ಎಡ ತೊಡೆ ಒಳಗೆ ಹಂದಿ ಹಲ್ಲು ತಾಗಿದ ಉದ್ದ ಗಾಯದ ಕಲೆ ಇದೆ ಅಂದ. ಇದೆ. ಅದನ್ನು ನಾನು ಎಲ್ಲಿಯೂ ಬರೆದಿರಲಿಲ್ಲ.

ಹಬ್ಬದ ರಾತ್ರಿ ಅವರ ಊರಲ್ಲಿ ಸರ ಪಟಾಕಿ ಹಚ್ಚಿದಾಗ ಹೊಳೆ ಕಡೆ ಓಡಿದ್ದನ್ನು ನೋಡಿದ್ದರಂತೆ. ಈಜಿ ಬಂದಿರಬೇಕು. ನೀರಿನ ಪಾಲಾಯಿತು ಎಂದುಕೊಂಡು ಅಜ್ಜಿ ಅಳುತ್ತಿದ್ದರಂತೆ. ರಸ್ತೆಯಲ್ಲಿ ಸುತ್ತು ಹಾಕಿ ಜೀಪಿನಲ್ಲಿ ಬಂದರು. ನಾಯಿ ಅಂಗಳದಲ್ಲಿ ಮಲಗಿತ್ತು, ಜೀಪಿನ ಸದ್ದು ತಿರುವಿನಲ್ಲಿ ಕೇಳಿದ್ದೇ ಎದ್ದು ನಿಂತಿತು, ಅಜ್ಜಿ ಇಳಿಯಲೂ ಬಿಡಲಿಲ್ಲ. ಇಲ್ಲಿ ಬರೆದ ಎಲ್ಲರಿಗೂ ಅಜ್ಜಿ ಒಳ್ಳೆಯದಾಗಲಿ ಎಂದು ಹೇಳಿದ್ದಾರೆ.

ದುರ್ಗಿಗುಡಿ
ತುಂಬಾ ಸಂತೋಷ. ಅಂಗಳದಲ್ಲೇ ಉಳಿಸಿಕೊಂಡಿದ್ದಕ್ಕೆ ನಿಮಗೆ ದೊಡ್ಡ ನಮಸ್ಕಾರ. ಕೊರಳ ಪಟ್ಟಿಯ ಮೇಲೆ ಫೋನ್ ನಂಬರ್ ಬರೆಸಲು ಅವರಿಗೆ ಹೇಳಿ. ಹಿತ್ತಾಳೆ ತಗಡಿನಲ್ಲಿ ಕೊರೆಸಿದರೆ ಮಳೆಗೂ ಅಳಿಸುವುದಿಲ್ಲ.

ಗಾಜನೂರು ಗೇಟ್
ಏರ್‌ಟ್ಯಾಗ್ ಕಟ್ಟಿದರೆ ಆಗುತ್ತದಾ?

ಕಾನುಮನೆ
ಪೇಟೆಯಲ್ಲಿ ಆಗುತ್ತದೆ. ಅದು ಬ್ಲೂಟೂತ್ ಮೂಲಕ ಹತ್ತಿರ ಹಾದು ಹೋಗುವ ಐಫೋನ್‌ಗಳನ್ನು ನಂಬಿಕೊಂಡಿರುವ ಸಾಧನ. ಕಾನಿನೊಳಗೆ ಯಾರ ಐಫೋನ್ ಇರುತ್ತದೆ? ಸಿಮ್ ಹಾಕುವ ಜಿಪಿಎಸ್ ಪಟ್ಟಿಗೂ ಟವರ್ ಬೇಕು. ಹಿತ್ತಾಳೆ ತಗಡೇ ನಮಗೆ ಸರಿ.

ನಗರದ ಕೋಟೆ ಹಿಂದೆ
ಇದೇ ಜಾಗದಲ್ಲಿ ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮದು ಹೊಸನಗರ ತಾಲೂಕು. ಮಲೆನಾಡು ಗಿಡ್ಡ ತಳಿಯ ಕಡಸು, ಗಬ್ಬ, ಚೊಚ್ಚಲು. ಬೆಳಿಗ್ಗೆ ಬಿಟ್ಟರೆ ಸಂಜೆ ಅಕ್ಕಚ್ಚು (ಅಕ್ಕಿ ತೊಳೆದ ನೀರು) ಕುಡಿಯುವ ಹೊತ್ತಿಗೆ ತಾನಾಗಿ ಬರುತ್ತಿತ್ತು. ಈಗ ಉಳಿದ ದನ ಬಂದವು, ಅದು ಬರಲಿಲ್ಲ. ಕೊರಳ ಗಂಟೆಯ ಸದ್ದೂ ಇಲ್ಲ. ಮನೆಯಲ್ಲಿ ಅಮ್ಮ ಊಟ ಬಿಟ್ಟಿದ್ದಾರೆ.

ಬ್ಯಾಣದ ದಾರಿ
ಗಬ್ಬದ ದನ ಅಂದಿರಿ, ದಿನ ತುಂಬಿತ್ತಾ? ತುಂಬಿದ್ದರೆ ಹಿಂಡು ಬಿಟ್ಟು ಒಂದೇ ಹೋಗಿ ಮಟ್ಟಿ ಸಂದಿಯಲ್ಲಿ ಕರು ಹಾಕಿರುತ್ತದೆ. ಕಾಡಿಗೆ ಬಿಟ್ಟು ಮೇಯಿಸಿದ ದನ ಹಾಗೇ ಮಾಡುವುದು. ಕರುವನ್ನು ಅಡಗಿಸಿಟ್ಟು ತಾನು ಸ್ವಲ್ಪ ದೂರದಲ್ಲಿ ಮೇಯುತ್ತದೆ, ಜನ ಕಂಡರೆ ಬೇಕಂತಲೇ ಬೇರೆ ಕಡೆ ನಡೆಯುತ್ತದೆ. ಗಂಟೆ ಸದ್ದು ಇಲ್ಲ ಅಂದರೆ ಮಲಗಿರಬಹುದು. ಹಿಂಡಿನ ಹಳೆಯ ದನವನ್ನು ಬೆಳಿಗ್ಗೆ ಬಿಟ್ಟು ದೂರದಿಂದ ಅದರ ಹಿಂದೆ ಹೋಗಿ, ದಿನಾ ಮೇಯುವ ಜಾಗಕ್ಕೆ ಕರೆದೊಯ್ಯುತ್ತದೆ. ನೀರಿರುವ ಕಡೆ, ಅಗಳದ (ತೋಟದಂಚಿನ ಆಳ ಕಂದಕ) ಒಳಗೆ ನೋಡಿ. ಅಗಳಕ್ಕೆ ಬಿದ್ದ ಗಿಡ್ಡ ದನ ಮೇಲೆ ಬರಲಾರದೆ ಉಳಿದಿರುತ್ತದೆ. ದನಿ ಗೊತ್ತಿರುವ ಅಮ್ಮನೇ ಕರೆಯಲಿ.

ಸೊರಬದ ಹಾದಿ
ಕಿವಿಗೆ ಹಳದಿ ಓಲೆ ಹಾಕಿಸಿದ್ದೀರಾ? ಅದರ 12 ಅಂಕಿ ನಂಬರ್ ನಿಮ್ಮ ಹತ್ತಿರ ಬರೆದಿಟ್ಟಿದ್ದರೆ ಪಶು ಆಸ್ಪತ್ರೆಗೆ ತಿಳಿಸಿ. ಬೇರೆ ಊರಲ್ಲಿ ಯಾರಾದರೂ ಕಟ್ಟಿಹಾಕಿ ಆ ನಂಬರ್ ಹೇಳಿದರೆ ಯಜಮಾನರು ಯಾರು ಎಂದು ಅಲ್ಲಿಯ ಡಾಕ್ಟರ್ ನೋಡಿ ಹೇಳುತ್ತಾರೆ. ಪಂಚಾಯ್ತಿಯ ದೊಡ್ಡಿಯಲ್ಲಿಯೂ ವಿಚಾರಿಸಿ, ಯಾರದೋ ಗದ್ದೆಗೆ ನುಗ್ಗಿ ದೊಡ್ಡಿ ಸೇರಿರಬಹುದು. ನಮ್ಮ ಕಡೆ ದೀಪಾವಳಿ ಆದ ಮೇಲೆ ಹೋರಿ ಬೆದರಿಸುವ ಹಬ್ಬ, ಕೊಬ್ಬರಿ ಹಾರ ಕಟ್ಟಿದ ಹೋರಿ ಜನರ ನಡುವೆ ಓಡಿ ಊರು ದಾಟಿ ಹೋಗುವುದು ಉಂಟು. ಅದರ ಜೊತೆಯ ಎತ್ತು ಹಿಡಿದುಕೊಂಡು ಹೋಗಿಯೇ ಕರೆತರುವುದು. ದನ ಸಿಕ್ಕಿ ಏಳಲಾರದ ಸ್ಥಿತಿಯಲ್ಲಿದ್ದರೆ 1962ಕ್ಕೆ ಫೋನ್ ಮಾಡಿ, ಪಶು ಆಂಬುಲೆನ್ಸ್ ಬರುತ್ತದೆ.

ಪಶುವೈದ್ಯ ವಿದ್ಯಾರ್ಥಿನಿ
ಹುಡುಕಲು ಹೋಗುವವರು ಉಣುಗಿನ ಬಗ್ಗೆ ಹುಷಾರು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ, ಅಂದಿನಿಂದ ಇವತ್ತಿನವರೆಗೂ ಅದು ನಮ್ಮ ಕಾಡಿನಲ್ಲೇ ಇದೆ. ಡಿಸೆಂಬರ್‌ನಿಂದ ಮಳೆಗಾಲದ ತನಕ ಜಾಸ್ತಿ, ಆದರೂ ಈಗಿನಿಂದಲೇ ಜಾಗ್ರತೆ ಒಳ್ಳೆಯದು. ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟ್ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ, ಉಣುಗು ಹತ್ತದ ಹಾಗೆ ಕೈಕಾಲಿಗೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಒಣ ಎಲೆ ಮೇಲೆ ಕೂರಬೇಡಿ. ಮನೆಗೆ ಬಂದ ಕೂಡಲೇ ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ, ಬಟ್ಟೆ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಬೇಕು.

ನಗರದ ಕೋಟೆ ಹಿಂದೆ
ದಿನ ತುಂಬಿತ್ತು, ಹೌದು. ಓಲೆ ನಂಬರ್ ಅಪ್ಪನ ಡೈರಿಯಲ್ಲಿ ಸಿಕ್ಕಿತು, ಆಸ್ಪತ್ರೆಗೆ ಫೋನ್ ಮಾಡಿ ಹೇಳಿದ್ದೇನೆ. ಬೆಳಗಿನ ಜಾವ ಹಳೆಯ ದನದ ಹಿಂದೆ ಅಮ್ಮ, ನಾನು, ಪಕ್ಕದ ಮನೆಯ ಅಣ್ಣ ಹೋಗುತ್ತೇವೆ. ಬಿದನೂರು ನಗರ, ನಿಟ್ಟೂರು ಕಡೆಯವರು ಯಾರಾದರೂ ಇದ್ದರೆ ಗಮನ ಇಡಿ. ಕಪ್ಪು ಬಣ್ಣ, ಹಣೆ ಮೇಲೆ ಸಣ್ಣ ಬಿಳಿ ಚುಕ್ಕೆ, ಬಲಗೊಂಬು ಸ್ವಲ್ಪ ಒಳಕ್ಕೆ ಬಾಗಿದೆ, ಕೊರಳಲ್ಲಿ ನೀಲಿ ಹಗ್ಗ. ಇನ್ನೊಂದು ಗುರುತು ನಮ್ಮಲ್ಲೇ ಇದೆ. ಕಂಡರೆ ಅಟ್ಟಬೇಡಿ, ಕರು ಹತ್ತಿರದಲ್ಲೇ ಇರಬಹುದು. ಎಲ್ಲಿ ಕಂಡಿತು ಎಂದು ಇಲ್ಲಿ ಬರೆಯಿರಿ ಸಾಕು, ನಾವು ಬರುತ್ತೇವೆ.